ಲಕೋಟೆಯ ಸಿದ್ಧತೆ

ಪತ್ರದೊಳಗಿನ ಮಾತು ಎಷ್ಟೇ ಸೊಗಸಾಗಿದ್ದರೂ ಅದರ ಹಣೆಬರಹವಿರುವುದು ಲಕೋಟೆಯ ಮೇಲೆ. ಒಂದೇ ಹೆಸರಿನ ಊರುಗಳು ಹಲವು. ವಿಳಾಸ ಬರೆಯುವ ಲಿಪಿಗಳೂ ಹಲವು. ಈ ಗೊಂದಲವನ್ನು ನಿವಾರಿಸಲೆಂದೇ 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್ ಪದ್ಧತಿ ಜಾರಿಗೆ ಬಂದಿತು. ಹುಣಸೂರಿನ ಸಂಖ್ಯೆ 571105; ಪಿರಿಯಾಪಟ್ಟಣದ್ದು 571107. ಕೊನೆಯ ಅಂಕಿಯೊಂದು ಮಸುಕಾದರೂ ಸಾಕು, ಹುಣಸೂರಿನ ತರುಣನೊಬ್ಬನಿಗೆ ಬಂದ ಸಂದರ್ಶನದ ಕರೆ ಪಕ್ಕದ ತಾಲ್ಲೂಕನ್ನು ಸುತ್ತಿಕೊಂಡು, ದಿನ ಕಳೆದ ಮೇಲೆ ಅವನ ಕೈಸೇರೀತು.

ಇಂದು ಶಾಲೆ, ಸಹಕಾರ ಸಂಘಗಳಲ್ಲಿಯೂ ವಿಳಾಸವನ್ನು ಗಣಕಯಂತ್ರದ ಪ್ರಿಂಟರಿನಿಂದ ಮುದ್ರಿಸುವುದುಂಟು. ಆದರೆ ಲಕೋಟೆಯೆಂದರೆ ಬರಿಯ ಹಾಳೆಯಲ್ಲ. ಅದರಲ್ಲಿ ಒಂದೆಡೆ ಎರಡು ಪದರಗಳಿದ್ದರೆ, ಅಂಟಿಸಿದ ಕಡೆ ಮೂರು ನಾಲ್ಕು ಪದರಗಳಿರುತ್ತವೆ. ಪ್ರಿಂಟರಿನ ಉರುಳೆಗಳು ಈ ಏರುತಗ್ಗನ್ನು ಒತ್ತಿದಾಗ ಸುಕ್ಕು ಬೀಳುತ್ತದೆ; ಅಕ್ಷರ ಒಡೆಯುತ್ತದೆ. ಆದುದರಿಂದ ಮಡಿಕೆ ನೇರವಾಗಿರುವ, ಮೂಲೆ ಮುದುಡದ ಲಕೋಟೆಯನ್ನೇ ಆರಿಸಬೇಕು. ಎ4 ಹಾಳೆಯನ್ನು ಉದ್ದದಲ್ಲಿ ಮೂರು ಸಮಭಾಗಗಳಾಗಿ ಮಡಿಸಿದರೆ ಅದು 99 ಮಿ.ಮೀ. ಅಗಲ, 210 ಮಿ.ಮೀ. ಉದ್ದವಾಗುತ್ತದೆ, ಅದಕ್ಕೆ 110 ಮತ್ತು 220 ಮಿ.ಮೀ. ಅಳತೆಯ ಲಕೋಟೆ ಒಪ್ಪುತ್ತದೆ. ಲೇಸರ್ ಪ್ರಿಂಟರು ಪುಡಿಶಾಯಿಯನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಿಂದ ಕಾಗದಕ್ಕೆ ಅಂಟಿಸುತ್ತದೆ. ಆ ಶಾಖಕ್ಕೆ ಸಾಮಾನ್ಯ ಪ್ಲಾಸ್ಟಿಕ್ ಕಿಟಕಿ ಕರಗಬಹುದು, ಒತ್ತಿ ಅಂಟಿಸುವ ಗೋಂದು ಮೆದುವಾಗಬಹುದು. ಲೋಹದ ಕೊಂಡಿಯುಳ್ಳ ಲಕೋಟೆಯನ್ನಂತೂ ಯಾವ ಪ್ರಿಂಟರಿಗೂ ಹಾಕಕೂಡದು.

ಆಯ್ಕೆಯಷ್ಟೇ ಮುಖ್ಯವಾದುದು ಸಿದ್ಧತೆ. ಲಕ್ಷ್ಮಣತೀರ್ಥ ನದಿ ತುಂಬಿ ಹರಿಯುವ ಮಳೆಗಾಲದಲ್ಲಿ ಹುಣಸೂರಿನ ಗಾಳಿಯಲ್ಲಿ ತೇವ ಹೆಚ್ಚು. ತೆರೆದಿಟ್ಟ ಲಕೋಟೆ ತೇವವನ್ನು ಹೀರಿ ಬಾಗುತ್ತದೆ. ಅದರ ಗೋಂದು ತಾನಾಗಿಯೇ ಅಂಟಿಕೊಳ್ಳುತ್ತದೆ. ಆದ್ದರಿಂದ ಬೇಕಾಗುವವರೆಗೂ ಕಟ್ಟನ್ನು ಬಿಚ್ಚದೆ ಒಣಜಾಗದಲ್ಲಿಡಬೇಕು. ಮುದ್ರಿಸುವ ಮುನ್ನ ಒಳಗಿನ ಗಾಳಿ ಹೋಗುವಂತೆ ಅಂಗೈಯಿಂದ ಒತ್ತಿ, ಅಳತೆಪಟ್ಟಿಯಿಂದ ಅಂಚನ್ನು ತೀಡಿ, ಒಂದಕ್ಕೊಂದು ಅಂಟದಂತೆ ಬಿಡಿಸಬೇಕು. ಗಣಕಯಂತ್ರದಲ್ಲಿ ಲಕೋಟೆಯ ಅಳತೆಯನ್ನು ಸರಿಯಾಗಿ ನಮೂದಿಸಬೇಕು. ಅದೇ ಅಳತೆಯ ಸಾದಾ ಕಾಗದದಲ್ಲಿ ಮೊದಲು ಪರೀಕ್ಷಿಸಿದರೆ ಯಾವ ಮುಖ, ಯಾವ ತುದಿ ಒಳಹೋಗಬೇಕೆಂಬುದು ತಿಳಿಯುತ್ತದೆ. ಪ್ರಿಂಟರಿಗೆ ಹಿಂಬಾಗಿಲಿದ್ದರೆ ಅದನ್ನು ತೆರೆದಿಡುವುದು ಲೇಸು. ಲಕೋಟೆ ಬಾಗದೆ ನೇರವಾಗಿ ಹೊರಬರುತ್ತದೆ.

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗೆ ಪತ್ರ ಕೊಂಡೊಯ್ಯುವ ಅಂಚೆಯವನಿಗೆ ದಾರಿ ತೋರುವುದು ಆ ನಾಲ್ಕು ಸಾಲುಗಳೇ. ಅವುಗಳನ್ನು ಸ್ಪಷ್ಟವಾಗಿ ಮೂಡಿಸಲು ತೆಗೆದುಕೊಳ್ಳುವ ಐದು ನಿಮಿಷದ ಶ್ರಮ, ಪತ್ರಕ್ಕಾಗಿ ಕಾದಿರುವವರಿಗೆ ಸಲ್ಲಿಸುವ ಗೌರವವೇ ಸರಿ.