ಖಾಲಿ ಕುರ್ಚಿಗೂ ಒಬ್ಬ ನೀರುಗಂಟಿ ಬೇಕು

2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ಫುಟ್‌ಬಾಲ್ ತಂಡ ಚೀನಾ ತೈಪೆಯನ್ನು 5–0ರಿಂದ ಬಗ್ಗುಬಡಿಯಿತು. ಸುನಿಲ್ ಚೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಿದವರು 2,569 ಮಂದಿ. ಮರುದಿನ ಚೆಟ್ರಿ ಒಂದು ವಿಡಿಯೊ ಮಾಡಿ, ಬೈಯುವುದಿದ್ದರೂ ಪರವಾಗಿಲ್ಲ, ಮೈದಾನಕ್ಕೇ ಬಂದು ಬೈಯಿರಿ ಎಂಬರ್ಥದಲ್ಲಿ ಬೇಡಿಕೊಂಡರು. ಜೂನ್ 4ರ ಕೆನ್ಯಾ ವಿರುದ್ಧದ ಪಂದ್ಯ ಅವರ ನೂರನೇ ಅಂತರರಾಷ್ಟ್ರೀಯ ಪಂದ್ಯ. ಅದರ ಟಿಕೆಟ್‌ಗಳೆಲ್ಲ ಖರ್ಚಾದವು, ಸುರಿಯುವ ಮಳೆಯಲ್ಲೇ ಜನ ಕೂತು ನೋಡಿದರು.

ಅದು ಟಿಕೆಟ್ ಮಾರಾಟವಾಗದೆ ಕುರ್ಚಿ ಖಾಲಿ ಉಳಿದ ಕಥೆ. ಇನ್ನೊಂದು ಬಗೆಯ ಖಾಲಿತನವಿದೆ: ಟಿಕೆಟ್ ಮಾರಾಟವಾಗಿರುತ್ತದೆ, ದುಡ್ಡು ಸಂದಾಯವಾಗಿರುತ್ತದೆ, ಕುರ್ಚಿಯ ಮೇಲೆ ಮಾತ್ರ ಯಾರೂ ಇರುವುದಿಲ್ಲ. ಇಡೀ ವರ್ಷದ ಪಂದ್ಯಗಳಿಗೆ ಒಟ್ಟಿಗೆ ಕೊಳ್ಳುವ ಸೀಸನ್ ಟಿಕೆಟ್ ಇದಕ್ಕೆ ದೊಡ್ಡ ಕಾರಣ. ಇಂಗ್ಲೆಂಡಿನ ಕ್ಲಬ್‌ಗಳು ಪ್ರೇಕ್ಷಕರ ಸಂಖ್ಯೆ ಪ್ರಕಟಿಸುವಾಗ ಲೆಕ್ಕ ಹಿಡಿಯುವುದು ಮಾರಾಟವಾದ ಟಿಕೆಟನ್ನು. ಸೀಸನ್ ಟಿಕೆಟ್ ಇಟ್ಟುಕೊಂಡು ಮನೆಯಲ್ಲಿ ಟಿ.ವಿ. ನೋಡುತ್ತಿದ್ದವನೂ ಆ ಲೆಕ್ಕದಲ್ಲಿ ಮೈದಾನದಲ್ಲೇ ಇರುತ್ತಾನೆ. ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್ ಪ್ರಕಟಿಸುತ್ತಿದ್ದ ಸಂಖ್ಯೆಗಿಂತ ನಿಜವಾಗಿ ಒಳಗೆ ಬಂದವರು ಸಾವಿರಾರು ಕಡಿಮೆ ಎಂಬುದು ಸ್ಥಳೀಯ ಆಡಳಿತದ ಅಂಕಿಅಂಶಗಳಿಂದಲೇ ಬಯಲಾಗಿತ್ತು. ಕ್ರಿಕೆಟ್‌ನಲ್ಲೂ ಖಾಲಿ ಕುರ್ಚಿ ಹೊಸತಲ್ಲ. 2023ರ ಅಕ್ಟೋಬರ್ 5ರಂದು ಅಹಮದಾಬಾದಿನಲ್ಲಿ ವಿಶ್ವಕಪ್‌ನ ಮೊದಲ ಪಂದ್ಯ ಶುರುವಾದಾಗ ಕಂಡದ್ದು ಸಾಲು ಸಾಲು ಖಾಲಿ ಕುರ್ಚಿಗಳು.

ಕೋಲಾರ ಜಿಲ್ಲೆಯ ವಕ್ಕಲೇರಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಫುಟ್‌ಬಾಲ್ ಪ್ರೇಮಿಗೆ ಹತ್ತಿರದ ದೊಡ್ಡ ಮೈದಾನವೆಂದರೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ತವರು ಅದು. ಆಡಿದ ಮೊದಲ ವರ್ಷವೇ ಐ–ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿ, 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಎತ್ತಿಹಿಡಿದ ತಂಡ. ದೂರದ ಊರಿನ ಅಭಿಮಾನಿ ಉತ್ಸಾಹದಲ್ಲಿ ಸೀಸನ್ ಟಿಕೆಟ್ ಕೊಂಡು, ಎರಡು ಪಂದ್ಯ ನೋಡಿ, ಮೂರನೆಯದಕ್ಕೆ ಸುಸ್ತಾಗಿ ಕೈಬಿಡುವುದು ಅಪರೂಪವೇನಲ್ಲ. ಇಷ್ಟು ದೂರದಲ್ಲಿರುವವರು ಸೀಸನ್ ಟಿಕೆಟನ್ನು ಒಬ್ಬರೇ ಕೊಳ್ಳುವುದಕ್ಕಿಂತ ನಾಲ್ಕೈದು ಮಂದಿ ಸೇರಿ ಕೊಳ್ಳುವುದೇ ಜಾಣತನ. ಅದನ್ನು ಮಾಡುವ ಬಗೆ ಹೀಗಿದೆ.

ಮೊದಲು ಲೆಕ್ಕ

ಸೀಸನ್ ಟಿಕೆಟ್ ಬೆಲೆಯನ್ನು ಒಂದು ಪಂದ್ಯದ ಬಿಡಿ ಟಿಕೆಟ್ ಬೆಲೆಯಿಂದ ಭಾಗಿಸಬೇಕು. ಉದಾಹರಣೆಗೆ ಸೀಸನ್ ಟಿಕೆಟ್ ಮೂರು ಸಾವಿರ, ಬಿಡಿ ಟಿಕೆಟ್ ನಾನೂರು ಎಂದಿಟ್ಟುಕೊಂಡರೆ ಏಳೂವರೆ ಬರುತ್ತದೆ. ಅಂದರೆ ಎಂಟು ಪಂದ್ಯಕ್ಕಾದರೂ ಆ ಕುರ್ಚಿಯಲ್ಲಿ ಯಾರಾದರೂ ಕೂತರೆ ಮಾತ್ರ ಲಾಭ. ಹದಿಮೂರು ತಂಡಗಳಿದ್ದ 2024–25ರ ಲೀಗ್‌ನಲ್ಲಿ ಪ್ರತಿ ತಂಡಕ್ಕೆ ತವರಿನಲ್ಲಿ 12 ಪಂದ್ಯ ಸಿಕ್ಕಿದ್ದವು. ಹನ್ನೆರಡರಲ್ಲಿ ಎಂಟು ಎಂದರೆ ಕೇಳಲು ಸುಲಭ. ಬುಧವಾರ ರಾತ್ರಿ ಏಳೂವರೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯುವ ಪಂದ್ಯ ನೋಡಿ, ಮಧ್ಯರಾತ್ರಿ ಊರು ಸೇರಿ, ಬೆಳಗ್ಗೆ ಡೇರಿಗೆ ಹಾಲು ಹಾಕಬೇಕಾದವನಿಗೆ ಅಷ್ಟು ಸುಲಭವಲ್ಲ.

ಆದ್ದರಿಂದ ವೇಳಾಪಟ್ಟಿ ಬಂದ ಕೂಡಲೇ ಕ್ಯಾಲೆಂಡರ್ ಮೇಲೆ ಪಂದ್ಯದ ದಿನಗಳನ್ನು ಗುರುತು ಹಾಕಿ, ಪಕ್ಕದಲ್ಲೇ ಮನೆಯ ಕೆಲಸಗಳನ್ನೂ ಬರೆಯಬೇಕು. ಟೊಮೆಟೊ ಬಿಡಿಸಿ ಕೋಲಾರದ ಮಾರುಕಟ್ಟೆಗೆ ಹಾಕುವ ವಾರಗಳು, ಸಂಕ್ರಾಂತಿ, ಮಾರ್ಚ್‌ನ ಪರೀಕ್ಷೆಗಳು. ರೇಷ್ಮೆ ಮನೆಯವರಿಗೆ ಇನ್ನೂ ಒಂದು ಸಂಗತಿ: ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು ಸುಮಾರು ಒಂದು ವಾರದಲ್ಲಿ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ ಮನೆಯಿಂದ ಒಂದಾಳೂ ಅಲ್ಲಾಡುವಂತಿಲ್ಲ, ಎದುರಾಳಿ ಕೇರಳ ಬ್ಲಾಸ್ಟರ್ಸ್ ಆದರೂ ಸರಿ. ಒಳ್ಳೆಯದೆಂದರೆ ಆ ದಿನ ಒಂದು ವಾರ ಮೊದಲೇ ಗೊತ್ತಾಗುತ್ತದೆ. ಟಿಕೆಟ್ ಬೇರೆಯವರಿಗೆ ದಾಟಿಸಲು ಅಷ್ಟು ಸಮಯ ಸಾಕು.

ನಿಯಮ ಓದದೆ ದುಡ್ಡು ಕೊಡಬೇಡಿ

ಮಾಲೂರು, ಟೇಕಲ್, ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ಓಡಾಡುವವರಿಗೆ ಸೀಸನ್ ಟಿಕೆಟ್ ಎಂದರೆ ರೈಲಿನ ಪಾಸು. ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಕೊಟ್ಟರೆ ದಂಡ. ಫುಟ್‌ಬಾಲ್ ಟಿಕೆಟ್ ವಿಷಯದಲ್ಲಿ ಕ್ಲಬ್‌ನಿಂದ ಕ್ಲಬ್‌ಗೆ, ವರ್ಷದಿಂದ ವರ್ಷಕ್ಕೆ ನಿಯಮ ಬೇರೆಯಾಗಬಹುದು. ಹಾಗಾಗಿ ಕೊಳ್ಳುವ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಹುಡುಕಬೇಕು. ಟಿಕೆಟ್ ಇನ್ನೊಬ್ಬರ ಹೆಸರಿಗೆ ದಾಟಿಸಬಹುದೇ? ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆಯೇ? ಪ್ಲೇ–ಆಫ್ ಪಂದ್ಯ ಸೇರಿದೆಯೇ? ಪಂದ್ಯ ರದ್ದಾದರೆ ದುಡ್ಡು ವಾಪಸ್ ಬರುತ್ತದೆಯೇ? ಮೊದಲನೆಯದಕ್ಕೆ ‘ಇಲ್ಲ’ ಎಂದಿದ್ದರೆ ಗುಂಪು ಕಟ್ಟುವ ಯೋಚನೆ ಅಲ್ಲಿಗೇ ಕೈಬಿಟ್ಟು, ಬಿಡಿ ಟಿಕೆಟ್ ಕೊಳ್ಳುವುದೇ ಸರಿ.

ಸರದಿ ಹಾಕುವವರು ಯಾರು?

ನಾಲ್ಕೈದು ಸ್ನೇಹಿತರು ಸೇರಿ ಎರಡು ಟಿಕೆಟ್ ಕೊಂಡರೆ ಆರಂಭಕ್ಕೆ ಸಾಕು. ಒಬ್ಬರೇ ರಾತ್ರಿ ಹೊತ್ತು ವಾಪಸ್ ಬರುವುದು ತಪ್ಪುತ್ತದೆ, ಪ್ರತಿಯೊಬ್ಬರ ಪಾಲಿಗೂ ಐದಾರು ಪಂದ್ಯ ಬರುತ್ತವೆ. ಗುಂಪು ಮುರಿಯುವುದು ದುಡ್ಡಿನ ವಿಷಯಕ್ಕಲ್ಲ, ಸರದಿಯ ವಿಷಯಕ್ಕೆ. ದೊಡ್ಡ ಪಂದ್ಯಕ್ಕೆ ಎಲ್ಲರಿಗೂ ಟಿಕೆಟ್ ಬೇಕು, ಪಟ್ಟಿಯ ಕೆಳಗಿರುವ ತಂಡ ಬಂದರೆ ಯಾರಿಗೂ ಬೇಡ.

ಕೋಲಾರದ ಕೆರೆಬಯಲಿನಲ್ಲಿ ಈ ಜಗಳಕ್ಕೆ ಹಿಂದೆಯೇ ಪರಿಹಾರವಿತ್ತು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುತ್ತಿದ್ದವನು ನೀರುಗಂಟಿ. ಅವನ ಮಾತಿಗೆ ಗೌಡರೂ ತಲೆಬಾಗಬೇಕಿತ್ತು. ಟಿಕೆಟ್ ಗುಂಪಿಗೂ ಅಂಥ ಒಬ್ಬರು ಬೇಕು. (ಕಂಠೀರವ ಕ್ರೀಡಾಂಗಣ ನಿಂತಿರುವುದೇ ಹಳೆಯ ಸಂಪಂಗಿ ಕೆರೆಯ ಅಂಗಳದಲ್ಲಿ. ನೀರುಗಂಟಿಯ ನೆನಪು ಅಲ್ಲಿ ಹೊರಗಿನದೇನಲ್ಲ.) ಸೀಸನ್ ಶುರುವಾಗುವ ಮೊದಲೇ ಚೀಟಿ ಎತ್ತಿ ಪಂದ್ಯಗಳನ್ನು ಹಂಚಿಬಿಡಬೇಕು. ದೊಡ್ಡ ಪಂದ್ಯ ಸಿಕ್ಕವರಿಗೆ ವಾರದ ನಡುವೆ ಬರುವ ಒಂದು ಪಂದ್ಯವೂ ಕಡ್ಡಾಯ. ಬರಲಾಗದಿದ್ದರೆ ಮೂರು ದಿನ ಮೊದಲು ಹೇಳಬೇಕು. ಹೇಳದೆ ಕುರ್ಚಿ ಖಾಲಿ ಬಿಟ್ಟವರ ಮುಂದಿನ ಸರದಿ ರದ್ದು. ಈ ಕೊನೆಯ ನಿಯಮ ಕಠಿಣವೆನಿಸಬಹುದು, ಆದರೆ ಇದಿಲ್ಲದೆ ಮಿಕ್ಕವು ನಿಲ್ಲುವುದಿಲ್ಲ. ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ ಕೂಡ ಸೀಸನ್ ಟಿಕೆಟ್ ಇಂತಿಷ್ಟು ಪಂದ್ಯಗಳಿಗಾದರೂ ಬಳಕೆಯಾಗಲೇಬೇಕು, ಇಲ್ಲವಾದರೆ ಮುಂದಿನ ವರ್ಷ ಕೈತಪ್ಪಬಹುದು ಎಂಬ ಷರತ್ತು ಹಾಕಿದೆ.

ಟಿಕೆಟ್ ದಾಟಿಸುವಾಗಿನ ಒಂದು ಸಣ್ಣ ಎಚ್ಚರ. ಈಗ ಹೆಚ್ಚಿನ ಟಿಕೆಟ್‌ಗಳು ಮೊಬೈಲ್‌ನಲ್ಲಿರುವ ಕ್ಯೂಆರ್ ಕೋಡ್. ಅದು ಒಮ್ಮೆ ಸ್ಕ್ಯಾನ್ ಆದರೆ ಮುಗಿಯಿತು, ಅದನ್ನೇ ತೋರಿಸುವ ಎರಡನೆಯವರಿಗೆ ಗೇಟು ತೆರೆಯುವುದಿಲ್ಲ. ವಾಟ್ಸ್ಆ್ಯಪ್ ಗುಂಪಿಗೆ ಅದರ ಚಿತ್ರ ಹಾಕಿದರೆ ಮೊದಲು ತಲುಪಿದವರದೇ ಕುರ್ಚಿ. ಸ್ಟೇಟಸ್‌ಗೆ ಹಾಕಿ ಮೆರೆಯುವುದಂತೂ ಬೇಡ. ಸರದಿಯವರ ನಂಬರಿಗೆ ಮಾತ್ರ ಕಳಿಸಿ, ತಲುಪಿತೆಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ಹೋಗುವುದಕ್ಕಿಂತ ಬರುವುದು ಮುಖ್ಯ

2023ರ ಅಕ್ಟೋಬರ್ 9ರಿಂದ ನೇರಳೆ ಮೆಟ್ರೊ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ತಡೆಯಿಲ್ಲದೆ ಓಡುತ್ತಿದೆ. ಕೋಲಾರ ಕಡೆಯವರಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. ಮಾಲೂರಿನಲ್ಲಿ ರೈಲು ಹತ್ತಿದವರು ವೈಟ್‌ಫೀಲ್ಡ್‌ನಲ್ಲಿ ಇಳಿದು ವೈಟ್‌ಫೀಲ್ಡ್ (ಕಾಡುಗೋಡಿ) ನಿಲ್ದಾಣದಲ್ಲಿ ಮೆಟ್ರೊ ಹಿಡಿಯಬಹುದು. ಕೋಲಾರ, ಮುಳಬಾಗಿಲಿನಿಂದ ಬಸ್ಸಿನಲ್ಲಿ ಬರುವವರು ಟಿನ್ ಫ್ಯಾಕ್ಟರಿ ಬಳಿ ಇಳಿದರೆ ಬೆನ್ನಿಗಾನಹಳ್ಳಿ ನಿಲ್ದಾಣ ಹತ್ತಿರ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆದರೆ ಕ್ರೀಡಾಂಗಣ. ಆದರೆ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು: ಊರಿಗೆ ಕೊನೆಯ ಬಸ್ ಅಥವಾ ರೈಲು ಎಷ್ಟಕ್ಕೆ, ಅದನ್ನು ಹಿಡಿಯಲು ಮೆಟ್ರೊ ಎಷ್ಟಕ್ಕೆ ಹತ್ತಬೇಕು, ಅದಕ್ಕೆ ಮೈದಾನ ಎಷ್ಟಕ್ಕೆ ಬಿಡಬೇಕು. ನಾಕೌಟ್ ಪಂದ್ಯವಾದರೆ ಹೆಚ್ಚುವರಿ ಅರ್ಧ ಗಂಟೆ, ಪೆನಾಲ್ಟಿಯನ್ನೂ ಸೇರಿಸಿಕೊಳ್ಳಬೇಕು. 2023ರ ಜುಲೈ 4ರಂದು ಇದೇ ಕಂಠೀರವದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಭಾರತ ಕುವೈತನ್ನು ಸೋಲಿಸಿದ್ದು ಪೆನಾಲ್ಟಿಯಲ್ಲೇ. ಕೊನೆ ಬಸ್ಸನ್ನು ನೆಚ್ಚಿದವರಿಗೆ ಅಂಥ ರಾತ್ರಿಗಳು ಕಷ್ಟ. ಅದೇ ಪಂದ್ಯಕ್ಕೆ ಹೊರಟ ಬೇರೆಯವರೂ ಸೇರಿ ನಾಲ್ವರಾದರೆ ಒಂದು ಕಾರೇ ಮೇಲು.

ಕುರ್ಚಿ ಆರಿಸುವಾಗಲೂ ಒಂದು ಮಾತು ನೆನಪಿರಲಿ. ಕಂಠೀರವದಲ್ಲಿ ಆಟದಂಗಳದ ಸುತ್ತ ಓಟದ ಟ್ರ್ಯಾಕ್ ಇದೆ, ಮುಂದಿನ ಸಾಲಾದರೂ ಆಟ ದೂರವೇ. ಸ್ವಲ್ಪ ಎತ್ತರದ ಸಾಲು ಮೇಲು. ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗದ ನಡುವೆ ಕುರ್ಚಿ ಇದ್ದರೂ ಕೂರುವುದು ಕಡಿಮೆ, ನಿಂತು ಹಾಡುವುದೇ ಹೆಚ್ಚು. ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಬೇರೆ ಕಡೆಯ ಟಿಕೆಟ್ ಕೊಳ್ಳುವುದು ಒಳಿತು.

ಯಾರೂ ಹೋಗದಿದ್ದರೆ

ಬಾರ್ಸಿಲೋನಾ ಕ್ಲಬ್‌ನಲ್ಲಿ ಸೀಸನ್ ಟಿಕೆಟ್ ಇರುವವರು ‘ಈ ಪಂದ್ಯಕ್ಕೆ ಬರುವುದಿಲ್ಲ’ ಎಂದು ಮುಂಚೆಯೇ ತಿಳಿಸಿದರೆ ಕ್ಲಬ್ಬೇ ಆ ಕುರ್ಚಿಯನ್ನು ಮಾರಿ, ಬಂದದ್ದರಲ್ಲಿ ಒಂದು ಪಾಲನ್ನು ಅವರಿಗೆ ಕೊಡುತ್ತದೆ. ಲಂಡನ್ನಿನ ಆರ್ಸೆನಲ್‌ನಲ್ಲೂ ಟಿಕೆಟ್ ಎಕ್ಸ್‌ಚೇಂಜ್ ಎಂಬ ವ್ಯವಸ್ಥೆಯಿದೆ. ಕುರ್ಚಿ ತುಂಬಿಸಲು ಇದಕ್ಕಿಂತ ನೆಟ್ಟಗಿನ ಉಪಾಯ ಇನ್ನೊಂದಿಲ್ಲ. ಟಿಕೆಟ್ ಮಾರುವ ಆ್ಯಪ್‌ನಲ್ಲಿ ಅಂಥ ಸೌಲಭ್ಯವಿದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ ಗುಂಪಿನ ಹೊರಗಿನ ಪರಿಚಿತರು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರಿನ ಹುಡುಗರು, ಊರಿನ ಶಾಲೆಯ ಫುಟ್‌ಬಾಲ್ ತಂಡದ ಮಕ್ಕಳು, ಈ ಕ್ರಮದಲ್ಲಿ ಕೇಳಿ ನೋಡಬೇಕು. ಮಕ್ಕಳ ಜೊತೆ ಒಬ್ಬ ದೊಡ್ಡವರು, ಮನೆಯವರ ಒಪ್ಪಿಗೆ ಇರಲೇಬೇಕು.

ಪರಿಚಿತರಿಂದ ದುಡ್ಡು ತೆಗೆದುಕೊಳ್ಳುವುದಾದರೆ ಸೀಸನ್ ಬೆಲೆಯನ್ನು ಪಂದ್ಯಗಳ ಸಂಖ್ಯೆಯಿಂದ ಭಾಗಿಸಿ ಬಂದಷ್ಟೇ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಅದು ಬ್ಲ್ಯಾಕ್ ಟಿಕೆಟ್. ಐಪಿಎಲ್ ಹೊತ್ತಿನಲ್ಲಿ ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರಿದವರನ್ನು ಬೆಂಗಳೂರಿನ ಸಿಸಿಬಿ ಪೊಲೀಸರು ಹಿಡಿದಿದ್ದಾರೆ. ಟಿಕೆಟ್ ಕೈಗೆ ಬರುವ ಮುನ್ನ ‘ಗೇಟಿನ ಹತ್ತಿರ ನೋಡೋಣ’ ಎಂದು ಯಾರನ್ನೂ ಹೊರಡಿಸಲೂಬಾರದು. ಗೇಟಿನ ಬಳಿಯ ಗುಂಪು ಎಷ್ಟು ಅಪಾಯ ಎಂಬುದನ್ನು ಕಂಡಿದ್ದೇವೆ: 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು.

ಸೀಸನ್ ಮುಗಿದ ಮೇಲೆ ಒಂದು ಸಂಜೆ ಗುಂಪು ಸೇರಿ ಲೆಕ್ಕ ನೋಡಬೇಕು: ಎಷ್ಟು ಪಂದ್ಯಕ್ಕೆ ಕುರ್ಚಿ ತುಂಬಿತ್ತು, ಎಷ್ಟಕ್ಕೆ ಇಲ್ಲ, ಬಸ್ಸು–ಕಾರಿನ ಖರ್ಚು ಸೇರಿ ಒಂದು ಪಂದ್ಯಕ್ಕೆ ಎಷ್ಟು ಬಿತ್ತು. ಮೊದಲು ಹಾಕಿದ ಎಂಟರ ಗೆರೆ ದಾಟದಿದ್ದರೆ ಮುಂದಿನ ವರ್ಷ ಎರಡರ ಬದಲು ಒಂದೇ ಟಿಕೆಟ್ ಸಾಕು. ಹೊಸ ಸೀಸನ್‌ಗೆ ದುಡ್ಡು ಕಟ್ಟಲು ಅವಸರವೂ ಬೇಡ. 2025ರ ಜುಲೈನಲ್ಲಿ ಪ್ರಸಾರ ಮತ್ತು ವಾಣಿಜ್ಯ ಹಕ್ಕಿನ ಒಪ್ಪಂದ ಮುಂದುವರಿಯದೆ ಇಂಡಿಯನ್ ಸೂಪರ್ ಲೀಗನ್ನೇ ತಡೆಹಿಡಿಯಲಾಯಿತು. ಸೆಪ್ಟೆಂಬರ್ ಹೊತ್ತಿಗೆ ಶುರುವಾಗುತ್ತಿದ್ದ ಲೀಗ್ ಆ ವರ್ಷ ಡಿಸೆಂಬರ್ ಮುಗಿದರೂ ಶುರುವಾಗಲಿಲ್ಲ. ವೇಳಾಪಟ್ಟಿ ಪ್ರಕಟವಾಗಿ, ದುಡ್ಡು ವಾಪಸಾತಿಯ ನಿಯಮ ಬರಹದಲ್ಲಿ ಕಂಡ ಮೇಲೆ ಕಟ್ಟಿದರಾಯಿತು.