ಹೊಗೆಪತ್ತೆ ಸಾಧನ: ಒಂದೇ ಪಾಠ, ಎರಡು ವಿಭಾಗ

ಬೋಧನಾಭ್ಯಾಸದ ಎರಡನೆಯ ವಾರ 8ನೇ ತರಗತಿಯ ‘ಎ’ ವಿಭಾಗಕ್ಕೆ ‘ದಹನ ಮತ್ತು ಜ್ವಾಲೆ’ ಘಟಕದ ಮುಂದುವರಿಕೆಯಾಗಿ ಮನೆಯ ಅಗ್ನಿಸುರಕ್ಷತೆಯ ಪಾಠ ಮಾಡಿದೆ. ಬೋಧನೋಪಕರಣವಾಗಿ ಬ್ಯಾಟರಿಯ ಸ್ಮೋಕ್ ಡಿಟೆಕ್ಟರ್ ಒಂದನ್ನು ಒಯ್ದಿದ್ದೆ. ಅದರಡಿ ಊದುಬತ್ತಿ ಹಿಡಿದಾಗ ಪಕ್ಕದ ತರಗತಿಯವರೂ ಬಾಗಿಲಿಗೆ ಬಂದರು. ಪೀಠಿಕೆ ಗೆದ್ದಿತೆಂದುಕೊಂಡೆ.

“ಇದನ್ನು ಮನೆಯಲ್ಲಿ ಎಲ್ಲಿ ಹಾಕಬೇಕು?” ಎಂದು ಕೇಳಿದೆ. “ಅಡುಗೆಮನೇಲಿ ಸಾರ್” ಎಂದಿತು ಇಡೀ ತರಗತಿ. ಅದು ತಪ್ಪೆಂದು ಹೇಳಿ, ಪಾಠಯೋಜನೆಯಲ್ಲಿದ್ದಂತೆ ‘ಮಲಗುವ ಕೋಣೆಯ ಚಾವಣಿ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಸಾರ್, ನಮ್ಮನೇಲಿ ಮಲಗೋದೂ ಒಲೆ ಹಚ್ಚೋದೂ ಒಂದೇ ಕಡೆ. ದಿನಾ ಬೆಳಿಗ್ಗೆ ಇದು ಬಡ್ಕೊಳ್ಳುತ್ತೆ. ನಮ್ಮವ್ವ ಸೆಲ್ಲು ಕಿತ್ತಿಡ್ತಾಳೆ ಅಷ್ಟೇ.” “ಒಳ್ಳೆಯ ಪ್ರಶ್ನೆ” ಎಂದು ಹೇಳಿ ಮೌಲ್ಯಮಾಪನದ ಹಂತಕ್ಕೆ ಜಾರಿಕೊಂಡೆ. ವೀಕ್ಷಕರು ಪುಸ್ತಕದಲ್ಲಿ ಬರೆದದ್ದು: ‘ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ.’

ಅವಳು ಹೇಳಿದ್ದು ಅವಳ ಮನೆಯೊಂದರ ಸಂಗತಿಯಲ್ಲ. ಇಂಥ ಸಾಧನ ಮನೆಮನೆಯಲ್ಲಿರುವ ಅಮೆರಿಕದಲ್ಲೂ ಒಗ್ಗರಣೆಯ ಹೊಗೆಗೆಲ್ಲ ಕೂಗುವುದನ್ನು ತಾಳಲಾರದೆ ಜನ ಬ್ಯಾಟರಿ ತೆಗೆದಿಡುತ್ತಾರೆ. ಬೆಂಕಿ ಬಿದ್ದ ದಿನ ಸಾಧನ ಮೂಕವಾಗಿರಲು ಅದೇ ದೊಡ್ಡ ಕಾರಣ. (ಅಮೆರಿಕದಲ್ಲಿ ಒಗ್ಗರಣೆ ಎಲ್ಲಿಂದ ಎನ್ನಬೇಡಿ, ಅಲ್ಲಿ ಬ್ರೆಡ್ಡು ಸೀದರೂ ಸಾಕು.)

ಹಾಗಾಗಿ ‘ಬಿ’ ವಿಭಾಗಕ್ಕೆ ಯೋಜನೆಯನ್ನು ತಿರುಗಿಸಿದೆ. ಸಾಧನ ಚೀಲದಲ್ಲೇ ಇತ್ತು. ಮೊದಲು ಪ್ರತಿಯೊಬ್ಬರೂ ತಮ್ಮ ಮನೆಯ ನಕ್ಷೆ ಬರೆದು ಒಲೆ, ಮಲಗುವ ಜಾಗ, ಹೊರಬಾಗಿಲು ಗುರುತಿಸಿದರು. ನಿದ್ದೆಯಲ್ಲಿ ಹೊಗೆಯ ವಾಸನೆ ನಮ್ಮನ್ನು ಎಬ್ಬಿಸುತ್ತದೆಂದು ನಂಬುವಂತಿಲ್ಲ, ಶಬ್ದ ಬೇಕು ಎಂದಾಗ ಕೈಗಳೆಲ್ಲ ತಾವಾಗಿ ಮಲಗುವ ಜಾಗಕ್ಕೆ ಹೋದವು. ಚಾವಣಿಯೇ ಏಕೆ ಎಂಬುದಕ್ಕೆ ಊದುಬತ್ತಿಯ ಹೊಗೆ ಏರುವುದೇ ಉತ್ತರವಾಯಿತು. ಗೋಡೆ ಮತ್ತು ಚಾವಣಿ ಸೇರುವ ಮೂಲೆಯಲ್ಲಿ ಗಾಳಿ ನಿಂತಿರುತ್ತದೆ, ಆದ್ದರಿಂದ ಗೋಡೆಯಿಂದ 30 ಸೆಂಟಿಮೀಟರ್ ಬಿಡಬೇಕು. ಫ್ಯಾನಿನ ಹತ್ತಿರವೂ ಬೇಡ.

ಆಯ್ಕೆಯ ಭಾಗಕ್ಕೆ ಒಂದು ರಟ್ಟಿನ ಪೆಟ್ಟಿಗೆ ಸಾಕಾಯಿತು. ಒಳಗೆ ಕಪ್ಪು ಕಾಗದ, ಒಂದು ಬದಿಯಿಂದ ಟಾರ್ಚ್, ಇನ್ನೊಂದು ಬದಿಗೆ ಇಣುಕುವ ರಂಧ್ರ. ಹೊಗೆ ಬಿಟ್ಟಾಗ ಮಾತ್ರ ಬೆಳಕಿನ ಕೋಲು ಕಾಣುತ್ತದೆ. ದ್ಯುತಿವಿದ್ಯುತ್ ಬಗೆಯ ಸಾಧನದೊಳಗೆ ನಡೆಯುವುದೂ ಇದೇ: ಹೊಗೆಯ ಕಣಗಳಿಂದ ಚದುರಿದ ಬೆಳಕು ಸಂವೇದಕದ ಮೇಲೆ ಬಿದ್ದೊಡನೆ ಅದು ಕೂಗುತ್ತದೆ. ಹಾಸಿಗೆ, ಹತ್ತಿ ಬಟ್ಟೆಗಳಂತೆ ಕನಲುತ್ತ ಹೊಗೆಯಾಡುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ. ಅಮೆರಿಸಿಯಂ-241 ಬಳಸುವ ಅಯಾನೀಕರಣ ಬಗೆ ಧಗಧಗಿಸುವ ಜ್ವಾಲೆಗೆ ಚುರುಕು, ಆದರೆ ಅಡುಗೆಯ ಹೊಗೆಗೆ ಹೆಚ್ಚು ರೇಗುತ್ತದೆ. ನಮ್ಮ ಮನೆಗಳಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡುವುದು, 10 ವರ್ಷಕ್ಕೆ ಸಾಧನವನ್ನೇ ಬದಲಿಸುವುದು ಎಂಬುದನ್ನು ಬರೆಸಿದೆ.

ಒಬ್ಬ ಹುಡುಗ ಗ್ಯಾಸ್ ಸೋರಿದರೆ ಇದು ಕೂಗುತ್ತದೆಯೇ ಎಂದು ಕೇಳಿದ. ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಅದರ ಶೋಧಕ ಬೇರೆ, ಅದನ್ನು ಕೆಳಗೆ ಅಳವಡಿಸಬೇಕು. ನನ್ನ ಯೋಜನೆಯಲ್ಲಿ ಇದು ಇರಲೇ ಇಲ್ಲ. ಇರಬೇಕಿತ್ತು.

ಮರುದಿನ ‘ಎ’ ವಿಭಾಗದಲ್ಲಿ ಹತ್ತು ನಿಮಿಷ ಕೇಳಿಕೊಂಡು ಆ ಹುಡುಗಿಯ ಮನೆಯ ನಕ್ಷೆ ಬರೆಸಿದೆ. ಒಲೆಯಿಂದ 3 ಮೀಟರ್ ದೂರ ಸಿಕ್ಕರೆ ಕೂಗಾಟ ಕಡಿಮೆ, ತಾತ್ಕಾಲಿಕವಾಗಿ ಸುಮ್ಮನಾಗಿಸುವ ಗುಂಡಿಯಿದ್ದರೆ ಸೆಲ್ಲು ಕೀಳಬೇಕಿಲ್ಲ ಎಂದೆ. ಸೌದೆ ಒಲೆಯ ಹೊಗೆ ಮನೆಯೆಲ್ಲ ತುಂಬುವುದಾದರೆ ಹೊಗೆಗಲ್ಲದೆ ಶಾಖಕ್ಕೆ ಕೂಗುವ ಸಾಧನವಿದೆ ಎಂದೂ ತಿಳಿಸಿದೆ. “ಅದೂ ಇಷ್ಟೇ ಬೇಗ ಎಬ್ಬಿಸ್ತದಾ ಸಾರ್?” ಎಂದಳು. ಕೋಣೆ ಬಿಸಿಯಾಗುವವರೆಗೆ ಕಾಯುವುದರಿಂದ ತಡ ಎಂದು ಒಪ್ಪಿಕೊಂಡೆ. ಅವಳು ಸ್ವಲ್ಪ ಹೊತ್ತು ನೋಡಿ, ಸಾಧನದ ಗುರುತನ್ನು ಹಾಗೇ ಬಿಟ್ಟು, ಒಲೆಯ ಚೌಕವನ್ನು ರಬ್ಬರಿನಿಂದ ಅಳಿಸಿ ಹಿತ್ತಿಲ ಜಗುಲಿಯಲ್ಲಿ ಬರೆದಳು.