ಆಷಾಢದ ಲೆಕ್ಕ, ಶ್ರಾವಣದ ಲೆಕ್ಕ

ಪ್ರಶ್ನೆ: ನಾನು ಸಿಂಗಪುರದ ಪುಂಗೋಲ್‌ನಲ್ಲಿರುವ ಗೃಹಿಣಿ. ತವರು ದಾವಣಗೆರೆ. ನಾವು ಇಲ್ಲಿನ ಪರ್ಮನೆಂಟ್ ರೆಸಿಡೆಂಟ್‌ಗಳು. ನಾಲ್ಕು ವರ್ಷದಿಂದ ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ, ಹೋಳಿಗೆ ಮಾಡಿ ಮಾರುತ್ತಿದ್ದೇನೆ. ಇಷ್ಟು ದಿನ ಬಾಯಿಂದ ಬಾಯಿಗೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ವ್ಯಾಪಾರ ನಡೆಯುತ್ತಿತ್ತು. ಜಾಹೀರಾತನ್ನೂ ಕೊಟ್ಟು ನೋಡೋಣ ಅಂತ 2025ರ ಜುಲೈನಲ್ಲಿ ಇನ್‌ಸ್ಟಾಗ್ರಾಮ್‌ಗೆ 300 ಡಾಲರ್ ಹಾಕಿದೆ, 14 ಆರ್ಡರ್ ಬಂತು. ಆಗಸ್ಟ್‌ನಲ್ಲಿ ಗೂಗಲ್‌ಗೆ 300 ಹಾಕಿದೆ, 20 ಬಂತು. ಒಂದು ಆರ್ಡರ್ ಸರಾಸರಿ 30 ಡಾಲರಿನದು; ಸಾಮಾನು, ಡಬ್ಬಿ, ಡೆಲಿವರಿ ಕಳೆದರೆ 12 ಉಳಿಯುತ್ತೆ.

ನಮ್ಮ ಮನೆಯವರು ‘ಡೇಟಾನೇ ಹೇಳ್ತಿದೆಯಲ್ಲ, ಗೂಗಲ್ ಹಿಡಿ’ ಅಂತಾರೆ. ನಾದಿನಿಯ ಮಗಳು ‘ಅತ್ತೆ, ಈಗೆಲ್ಲ ರೀಲ್ಸೇ’ ಅಂತಾಳೆ. ಒಂದು ಏಜೆನ್ಸಿಯವರು ಮೂರು ತಿಂಗಳಿಗೆ 1,500 ಡಾಲರ್ ಕೇಳುತ್ತಿದ್ದಾರೆ. ಅವರು ಕಳಿಸಿದ ದಪ್ಪ ಸಂಶೋಧನಾ ವರದಿಯಲ್ಲಿ ಇಮೇಲ್‌ಗೆ ಹಾಕಿದ ಒಂದು ಡಾಲರಿಗೆ 36 ಡಾಲರ್ ಬರುತ್ತದೆ ಅಂತಿದೆ. ಗೆಳತಿಯೊಬ್ಬಳು ಯಾವುದೋ ಕಾರ್ಯಕ್ರಮಕ್ಕೆ ಬಂದಿದ್ದ 400 ಜನರ ಫೋನ್ ನಂಬರ್ ಕೊಡುತ್ತೇನೆ ಅಂದಿದ್ದಾಳೆ. ಓದಿದಷ್ಟೂ ಗೊಂದಲ, ರಾತ್ರಿ ನಿದ್ದೆಯಿಲ್ಲ. ಈ ಅಂಕಿಅಂಶ ನನ್ನಂಥವಳಿಗೆ ಅರ್ಥವಾಗುವುದಲ್ಲ ಅನ್ನಿಸುತ್ತೆ. ಯಾವುದಕ್ಕೆ ದುಡ್ಡು ಹಾಕಲಿ?

— ಹೆಸರು ಬೇಡ, ಸಿಂಗಪುರ

ಉತ್ತರ: ಅಂಕಿಅಂಶ ಅರ್ಥವಾಗದವರು ಇಂಥ ಪತ್ರ ಬರೆಯಲಾರರು. ಯಾವ ತಿಂಗಳು ಎಷ್ಟು ಹಾಕಿದಿರಿ, ಎಷ್ಟು ಆರ್ಡರ್ ಬಂತು, ಒಂದೊಂದರಲ್ಲಿ ಎಷ್ಟು ಉಳಿಯಿತು ಎಂಬುದನ್ನೆಲ್ಲ ಬರೆದಿಟ್ಟಿದ್ದೀರಿ. ಎಷ್ಟೋ ಅಂಗಡಿಯವರು ಅಷ್ಟನ್ನೂ ಮಾಡುವುದಿಲ್ಲ. ವರದಿಯನ್ನು ಸದ್ಯ ಪಕ್ಕಕ್ಕಿಡಿ. ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ.

ಪಂಚಾಂಗ ತೆಗೆಯಿರಿ. ಆ ಜುಲೈನಲ್ಲಿ 24ನೇ ತಾರೀಕಿನವರೆಗೂ ಆಷಾಢ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೋಳಿಗೆ ತರಿಸಲು ಯಾರಿಗೂ ನೆಪವಿಲ್ಲ. ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ, ಅದಾಗಿ ಕೃಷ್ಣಾಷ್ಟಮಿ, 26ಕ್ಕೆ ಗೌರಿ, 27ಕ್ಕೆ ಗಣೇಶ. ನೀವು ಇನ್‌ಸ್ಟಾಗ್ರಾಮ್‌ಗೆ ಆಷಾಢವನ್ನು ಕೊಟ್ಟು, ಗೂಗಲ್‌ಗೆ ಶ್ರಾವಣವನ್ನೂ ಗೌರಿ–ಗಣೇಶರನ್ನೂ ಕೊಟ್ಟಿದ್ದೀರಿ. ಆ ಆರು ಹೆಚ್ಚಿನ ಆರ್ಡರ್ ತಂದದ್ದು ಗೂಗಲೋ ಹಬ್ಬವೋ ಎಂದು ಈ ಎರಡು ಸಂಖ್ಯೆಗಳಿಂದ ಯಾರೂ ಹೇಳಲಾರರು. ಪರೀಕ್ಷಿಸಲು ದಾರಿಯೊಂದಿದೆ. ಜಾಹೀರಾತಿನ ಹಂಗಿಲ್ಲದೆ ಹಳೆಯ ಗಿರಾಕಿಗಳಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಆರ್ಡರ್‌ಗಳನ್ನು ಎರಡೂ ತಿಂಗಳಿಗೆ ಎಣಿಸಿ. ಅವೂ ಆಗಸ್ಟ್‌ನಲ್ಲಿ ಅದೇ ಪ್ರಮಾಣದಲ್ಲಿ ಏರಿದ್ದರೆ ಗೂಗಲ್‌ನ ಹೆಚ್ಚುಗಾರಿಕೆ ಅಲ್ಲಿಗೆ ಕರಗಿತು.

ಹಬ್ಬದ ಮಾತು ಬಿಟ್ಟರೂ 14 ಮತ್ತು 20 ತೀರ ಚಿಕ್ಕ ಸಂಖ್ಯೆಗಳು. ಎರಡೂ ಕಡೆ ಒಂದೇ ಬಲವಿದ್ದರೂ, 34 ಆರ್ಡರ್‌ಗಳು ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಸಮವಾಗಿ ಹಂಚಿಹೋಗುವುದು ಹತ್ತರಲ್ಲಿ ಸುಮಾರು ನಾಲ್ಕು ಸಲ. ಇಷ್ಟರ ಮೇಲೆ ಮನೆಯಲ್ಲಿ ಜಗಳ ಬೇಡ.

ಈಗ ದುಡ್ಡಿನ ಕಡೆ ಬನ್ನಿ. ಗೂಗಲ್‌ನಿಂದ ಬಂದ ಒಂದೊಂದು ಆರ್ಡರ್‌ಗೆ ನೀವು ತೆತ್ತದ್ದು 15 ಡಾಲರ್, ಇನ್‌ಸ್ಟಾಗ್ರಾಮ್‌ನದಕ್ಕೆ 21ಕ್ಕೂ ಹೆಚ್ಚು. ಉಳಿದದ್ದು 12. ಅಂದರೆ ಮೊದಲ ಆರ್ಡರ್‌ನಲ್ಲಿ ಎರಡೂ ಕಡೆ ನಷ್ಟ. ಆ ಗಿರಾಕಿ ಎರಡನೇ ಸಲ ಬಂದರೆ ಮಾತ್ರ ಹಾಕಿದ ದುಡ್ಡು ವಾಪಸು. ಹಾಗಾಗಿ ‘ಯಾವುದರಿಂದ ಎಷ್ಟು ಆರ್ಡರ್’ ಎಂಬ ಕೋಷ್ಟಕದ ಬದಲು ‘ಯಾವುದರಿಂದ ಎಷ್ಟು ಹೊಸಬರು, ಅವರಲ್ಲಿ ಎಷ್ಟು ಮಂದಿ ಮೂರು ತಿಂಗಳೊಳಗೆ ಮರಳಿದರು’ ಎಂಬ ಕೋಷ್ಟಕ ಬರೆಯಿರಿ. 14ರಲ್ಲಿ ಒಂಬತ್ತು ಮಂದಿ ಮರಳಿ, 20ರಲ್ಲಿ ಮೂವರೇ ಮರಳಿದ್ದರೆ ಗೂಗಲ್‌ನ ಆ ಆರರ ಮುನ್ನಡೆ ಅಲ್ಲಿಗೇ ಅಳಿಸಿಹೋಯಿತು. ಇದು ಯಾವ ಸಂಶೋಧನಾ ವರದಿಯಲ್ಲೂ ಇರುವುದಿಲ್ಲ, ನಿಮ್ಮ ಆರ್ಡರ್ ಪುಸ್ತಕದಲ್ಲಿದೆ.

ಇನ್ನು ‘ಬಂತು’ ಎನ್ನುವ ಮಾತು. ಆ 14 ಮತ್ತು 20 ಎರಡೂ ಆಯಾ ಕಂಪನಿಯೇ ಎಣಿಸಿ ಕೊಟ್ಟ ಸಂಖ್ಯೆಗಳಾಗಿರಬೇಕು. ಜಾಹೀರಾತು ಒತ್ತಿ ಏಳು ದಿನದೊಳಗೆ ಕೊಂಡವರನ್ನೂ, ಒತ್ತದೆ ಸುಮ್ಮನೆ ನೋಡಿ ಒಂದು ದಿನದೊಳಗೆ ಕೊಂಡವರನ್ನೂ ಇನ್‌ಸ್ಟಾಗ್ರಾಮ್‌ನ ಒಡೆಯ ಮೆಟಾ ಸಾಮಾನ್ಯವಾಗಿ ತನ್ನ ಖಾತೆಗೇ ಬರೆದುಕೊಳ್ಳುತ್ತದೆ. ಒಬ್ಬಾಕೆ ರೀಲ್ ನೋಡಿ, ಸಂಜೆ ಗೂಗಲ್‌ನಲ್ಲಿ ನಿಮ್ಮ ಹೆಸರು ಹುಡುಕಿ, ಜಾಹೀರಾತಿನ ಕೊಂಡಿ ಒತ್ತಿ ಹೋಳಿಗೆ ತರಿಸಿದರೆ ಇಬ್ಬರೂ ‘ನಮ್ಮಿಂದ’ ಎನ್ನಬಹುದು. ಆಕೆ ನಿಮ್ಮ ಹಳೆಯ ಗಿರಾಕಿಯೇ ಆಗಿದ್ದು, ಜಾಹೀರಾತಿಲ್ಲದೆಯೂ ತರಿಸುತ್ತಿದ್ದವಳಾಗಿದ್ದರೆ? ಕೇಳಬೇಕಾದ ಪ್ರಶ್ನೆ ಅದೇ: ಜಾಹೀರಾತು ಇಲ್ಲದಿದ್ದರೆ ಈ ಆರ್ಡರ್ ಬರುತ್ತಲೇ ಇರಲಿಲ್ಲವೆ?

ಇದನ್ನು ದೊಡ್ಡ ಪ್ರಮಾಣದಲ್ಲಿ ಕೇಳಿ ನೋಡಿದ್ದು ಆನ್‌ಲೈನ್ ಮಾರಾಟದ ಇಬೇ ಕಂಪನಿ. ಯಾರಾದರೂ ‘ಇಬೇ’ ಎಂದು ಹುಡುಕಿದಾಗ ಮೇಲೆ ಕಾಣುವ ಜಾಹೀರಾತಿಗೆ ಅದು ದುಡ್ಡು ಕೊಡುತ್ತಿತ್ತು. 2012ರಲ್ಲಿ ಯಾಹೂ ಮತ್ತು ಮೈಕ್ರೊಸಾಫ್ಟ್ ಹುಡುಕಾಟಗಳಲ್ಲಿ ಅದನ್ನು ನಿಲ್ಲಿಸಿತು. ಜಾಹೀರಾತಿನಿಂದ ಬರುತ್ತಿದ್ದ ಕ್ಲಿಕ್‌ಗಳಲ್ಲಿ ಶೇ 99.5ರಷ್ಟು, ಕೆಳಗಿನ ಬಿಟ್ಟಿ ಕೊಂಡಿಯಿಂದಲೇ ಬಂದವು. ಬೇರೆ ಪದಗಳ ಜಾಹೀರಾತು ನಿಲ್ಲಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಹೊಸಬರ ಮೇಲೆ, ಅಪರೂಪಕ್ಕೆ ಬರುವವರ ಮೇಲೆ ಜಾಹೀರಾತಿನ ಪರಿಣಾಮವಿತ್ತು, ಆದರೆ ಖರ್ಚಿನ ಹೆಚ್ಚು ಪಾಲು ಹೋಗುತ್ತಿದ್ದದ್ದು ಹೇಗೂ ಕೊಳ್ಳುತ್ತಿದ್ದವರ ಮೇಲೆ. ಬ್ಲೇಕ್, ನೊಸ್ಕೊ, ತದೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು 2015ರಲ್ಲಿ ಎಕನೊಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟಿಸಿದರು. ನಿಮ್ಮ ಗೂಗಲ್ ಜಾಹೀರಾತು ಖಾತೆಯಲ್ಲಿ ‘ಸರ್ಚ್ ಟರ್ಮ್ಸ್’ ಎಂಬ ಪಟ್ಟಿ ಇರುತ್ತದೆ. ಜನ ‘ಸಿಂಗಪುರದಲ್ಲಿ ಹೋಳಿಗೆ’ ಎಂದು ಹುಡುಕಿ ಬಂದರೋ, ನಿಮ್ಮ ವ್ಯಾಪಾರದ ಹೆಸರನ್ನೇ ಹುಡುಕಿ ಬಂದರೋ ಅದು ತೋರಿಸುತ್ತದೆ. ಹೆಸರು ಹುಡುಕಿ ಬಂದವರಿಗಾಗಿ ದುಡ್ಡು ಕಟ್ಟುವುದನ್ನು ಇವತ್ತೇ ನಿಲ್ಲಿಸಿ ನೋಡಿ.

ಇಬೇಗೆ ಇದ್ದದ್ದು ಕೋಟಿಗಟ್ಟಲೆ ಗಿರಾಕಿಗಳು. ಲೂಯಿಸ್ ಮತ್ತು ರಾವ್ ಎಂಬ ಇಬ್ಬರು 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ, ದೊಡ್ಡ ಕಂಪನಿಗಳ 25 ಜಾಹೀರಾತು ಪ್ರಯೋಗಗಳನ್ನು ಪರಿಶೀಲಿಸಿತು. ಜನರ ಖರೀದಿ ತಾನೇ ಅಷ್ಟು ಏರಿಳಿಯುವುದರಿಂದ, ಅಂಥ ಪ್ರಯೋಗಗಳಲ್ಲೂ ಲಾಭವೋ ನಷ್ಟವೋ ಖಚಿತವಾಗಿ ಹೇಳುವುದು ಕಷ್ಟ ಎಂದು ಕಂಡುಬಂತು. ದೊಡ್ಡ ಕಂಪನಿಗಳ ಪಾಡೇ ಹೀಗಿರುವಾಗ, ತಿಂಗಳಿಗೆ ಇಪ್ಪತ್ತು ಆರ್ಡರ್ ಇಟ್ಟುಕೊಂಡು ನಿಖರ ಉತ್ತರ ಸಿಗಲಿಲ್ಲವೆಂದು ನಿದ್ದೆ ಕೆಡಿಸಿಕೊಳ್ಳಬೇಡಿ. ಅವರಿಗಿಲ್ಲದ ಒಂದು ಅನುಕೂಲ ನಿಮಗಿದೆ: ಗಿರಾಕಿಯನ್ನು ಮಾತಾಡಿಸಬಹುದು. ಪ್ರತಿ ಆರ್ಡರ್‌ಗೂ ಎರಡು ಪ್ರಶ್ನೆ ಕೇಳಿ: ‘ಮೊದಲ ಸಲವೇ? ನಮ್ಮ ವಿಷಯ ಮೊದಲು ಎಲ್ಲಿ ತಿಳಿಯಿತು?’ ಉತ್ತರವನ್ನು ತಾರೀಕಿನ ಜೊತೆ ಬರೆದಿಡಿ.

ಈಗ ಏಜೆನ್ಸಿಯ ವರದಿ. ಮೂರು ವಿಷಯ ಕೇಳಿ: ಅಧ್ಯಯನ ಮಾಡಿದವರು ಏನು ಮಾರುತ್ತಾರೆ? ಯಾರನ್ನು ಎಣಿಸಿದ್ದಾರೆ? ಜಾಹೀರಾತು ಕಾಣದ ಒಂದು ಗುಂಪನ್ನು ಹೋಲಿಕೆಗೆ ಇಟ್ಟುಕೊಂಡಿದ್ದಾರೆಯೇ? ಆ ಸುಪ್ರಸಿದ್ಧ 36 ಡಾಲರ್‌ನ ಅಂಕಿ ಇಮೇಲ್ ಸಂಬಂಧದ ತಂತ್ರಾಂಶ ಮಾರುವ ಕಂಪನಿಯಿಂದ ಹರಡಿದ್ದು. ಇಮೇಲ್ ಪಟ್ಟಿಯಲ್ಲಿರುವವರು ಆಗಲೇ ನಿಮ್ಮನ್ನು ಬಲ್ಲವರು. ಅವರು ಹೆಚ್ಚು ಕೊಳ್ಳುವುದರಲ್ಲಿ ಇಮೇಲ್‌ನ ಪಾಲೆಷ್ಟು, ಹಳೆಯ ಋಣದ ಪಾಲೆಷ್ಟು ಎಂದು ಅದು ಬೇರ್ಪಡಿಸುವುದಿಲ್ಲ. ಸರಿಯಾದ ಹೋಲಿಕೆಯ ಗುಂಪಿಲ್ಲದ ಲೆಕ್ಕ ಎಷ್ಟು ದಾರಿ ತಪ್ಪಿಸಬಹುದೆಂದು ಗಾರ್ಡನ್ ಮತ್ತು ಸಂಗಡಿಗರು 2019ರಲ್ಲಿ ಫೇಸ್‌ಬುಕ್‌ನ 15 ಪ್ರಯೋಗಗಳಿಂದ ತೋರಿಸಿದ್ದಾರೆ: ಪ್ರಯೋಗದ ಉತ್ತರಕ್ಕೂ, ಬರೀ ಅಂಕಿಅಂಶ ಜೋಡಿಸಿ ತೆಗೆದ ಉತ್ತರಕ್ಕೂ ಎಷ್ಟೋ ಕಡೆ ತಾಳೆಯೇ ಆಗಲಿಲ್ಲ. ಆದರೆ ಸಿಂಗಪುರದ ಸರ್ಕಾರಿ ಅಂಕಿಅಂಶಗಳಲ್ಲಿ ನಿಮಗೆ ಉಪಯೋಗವಾಗುವಂಥದ್ದೂ ಇದೆ. 2020ರ ಜನಗಣತಿಯಂತೆ ಇಲ್ಲಿನ ನಿವಾಸಿಗಳಲ್ಲಿ ಭಾರತೀಯ ಮೂಲದವರು ಶೇ 9ರಷ್ಟು, ಅಂದರೆ ಸುಮಾರು 3.6 ಲಕ್ಷ, ಕನ್ನಡಿಗರು ಅದರೊಳಗಿನ ಒಂದು ಸಣ್ಣ ಪಾಲು. ಇಡೀ ದ್ವೀಪಕ್ಕೆ ತೋರಿಸುವ ಜಾಹೀರಾತು ಚಟ್ನಿಪುಡಿಯ ಹೆಸರೇ ಕೇಳದವರ ಮೇಲೆ ಹೆಚ್ಚು ಖರ್ಚಾಗುತ್ತದೆ. ಯಾರಿಗೆ ತೋರಿಸಬೇಕು ಎಂಬುದನ್ನು ಕಿರಿದು ಮಾಡಿ.

ಗೆಳತಿಯ ಪಟ್ಟಿ ಮುಟ್ಟಬೇಡಿ. ಕಾರ್ಯಕ್ರಮಕ್ಕೆಂದು ಕೊಟ್ಟ ನಂಬರನ್ನು ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸುವುದು ಸಿಂಗಪುರದ 2012ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ ವಿರುದ್ಧ. 2014ರಿಂದ ‘ಡು ನಾಟ್ ಕಾಲ್’ ನೋಂದಣಿಯೂ ಇದೆ; ಅದು ಕರೆಗಳಿಗಷ್ಟೇ ಅಲ್ಲ, ವಾಟ್ಸ್ಆ್ಯಪ್ ಸಂದೇಶಕ್ಕೂ ಅನ್ವಯಿಸುತ್ತದೆ. ಬದಲಿಗೆ ನಿಮ್ಮಿಂದ ಕೊಂಡವರನ್ನೇ ‘ಹಬ್ಬದ ಪಟ್ಟಿ ಕಳಿಸಲೇ?’ ಎಂದು ಕೇಳಿ. ಹೌದು ಎಂದ ನಲವತ್ತು ಜನ ಆ ನಾನೂರಕ್ಕಿಂತ ಲೇಸು.

1,500 ಡಾಲರ್ ವಾಪಸು ಬರಬೇಕಾದರೆ, ಆರ್ಡರ್‌ಗೆ 12ರಂತೆ, 125 ಹೆಚ್ಚುವರಿ ಆರ್ಡರ್ ಬೇಕು. ಮೂರು ತಿಂಗಳಿಗೆ ಹಂಚಿದರೆ ವಾರಕ್ಕೆ ಹತ್ತಿರಹತ್ತಿರ ಹತ್ತು. ಜಾಹೀರಾತಿನ ದುಡ್ಡು ಬೇರೆ ಇದ್ದರೆ ಇನ್ನೂ ಹೆಚ್ಚು. ಅಷ್ಟು ಹೋಳಿಗೆ ತಟ್ಟುವವರು ಯಾರು? ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಮನೆಯಲ್ಲಿ ನಡೆಸುವ ಸಣ್ಣ ವ್ಯಾಪಾರಕ್ಕೆ ಆ ಮನೆಯಲ್ಲಿ ವಾಸವಿಲ್ಲದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಬಾಗಿಲಿಗೆ ಬೋರ್ಡು ಹಾಕುವಂತೆಯೂ ಇಲ್ಲ. ಬೋರ್ಡಿಲ್ಲದ್ದರಿಂದ ನಿಮಗೆ ಫೋನಿನ ಪರದೆ ಬೇಕು, ನಿಜ. ಆದರೆ ಕೈ ಎರಡೇ. ವಾರಕ್ಕೆ ಇನ್ನೆಷ್ಟು ಮಾಡಲು ಸಾಧ್ಯ ಎಂದು ಮೊದಲು ನಿರ್ಧರಿಸಿ. ಜಾಹೀರಾತಿನ ಗಾತ್ರ ಅದರ ಮೇಲೆ ನಿಲ್ಲಲಿ.

ಹಾಗಾದರೆ ಮಾಡುವುದೇನು? ನವರಾತ್ರಿಯಿಂದ 2025ರ ಅಕ್ಟೋಬರ್ 20ರ ದೀಪಾವಳಿಯವರೆಗೆ ಜಾಹೀರಾತು ಬೇಡ. ಬರುವವರು ಹೇಗೂ ಬರುತ್ತಾರೆ, ಆ ಎರಡು ಪ್ರಶ್ನೆ ಮಾತ್ರ ಕೇಳುತ್ತಿರಿ. ಅಕ್ಟೋಬರ್ 27ರ ಸೋಮವಾರದಿಂದ ನಾಲ್ಕು ವಾರ ತೆಗೆದುಕೊಳ್ಳಿ. ಶಾಲೆ ರಜೆಗೆ ಜನ ಊರಿಗೆ ಹೊರಡುವ ಮುಂಚೆ ಮುಗಿಯಲಿ. ಮೊದಲ ಮತ್ತು ಮೂರನೆಯ ವಾರ ಗೂಗಲ್‌ಗೆ 40 ಡಾಲರ್‌ನಂತೆ, ಎರಡನೆಯ ಮತ್ತು ನಾಲ್ಕನೆಯ ವಾರ ಇನ್‌ಸ್ಟಾಗ್ರಾಮ್‌ಗೆ ಅಷ್ಟೇ. ರಾಜ್ಯೋತ್ಸವದ ಸಮಾರಂಭ ಯಾವ ವಾರ ಬರುತ್ತದೋ ಪುಸ್ತಕದಲ್ಲಿ ಗುರುತು ಹಾಕಿ. ಆಮೇಲೆ ಎರಡು ವಾರ ಎರಡನ್ನೂ ನಿಲ್ಲಿಸಿ. ಆ ವಾರಗಳ ಆರ್ಡರ್ ಹೆಚ್ಚು ಕಡಿಮೆಯಾಗದಿದ್ದರೆ ಅದೂ ಒಂದು ಉತ್ತರವೇ, ರಜೆಯ ಪ್ರಭಾವ ಮಾತ್ರ ನೆನಪಿರಲಿ. ನಾದಿನಿಯ ಮಗಳು ರೀಲ್ ಮಾಡಲಿ, ಅದಕ್ಕೆ ದುಡ್ಡಿಲ್ಲ. ಯಾರಾದರೊಬ್ಬ ಫುಡ್ ಬ್ಲಾಗರ್‌ಗೆ ಬಿಟ್ಟಿ ಡಬ್ಬಿ ಕೊಟ್ಟು ಹೊಗಳಿಸಿದರೆ, ಅದು ಪ್ರಾಯೋಜಿತ ಎಂದು ಹೇಳುವಂತೆ ನೋಡಿಕೊಳ್ಳಿ. ಇಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರ 2016ರಲ್ಲೇ ಹಾಗೆ ನಿಯಮ ಮಾಡಿದೆ.

ಮುಂದಿನ ಫೆಬ್ರವರಿ ಕೊನೆಗೆ, ನಾಲ್ಕನೆಯ ವಾರ ಬಂದವರಿಗೂ ಮೂರು ತಿಂಗಳು ತುಂಬುತ್ತದೆ. ಮರಳಿ ಬಂದವರನ್ನು ಎಣಿಸಿ. ಹೊಸ ಗಿರಾಕಿಯೊಬ್ಬರಿಗೆ ತಗಲಿದ ಖರ್ಚು, ಆಕೆ ಅಷ್ಟರಲ್ಲಿ ಉಳಿಸಿಕೊಟ್ಟದ್ದಕ್ಕಿಂತ ಕಡಿಮೆ ಇರುವ ಕಡೆ ಮುಂದುವರಿಸಿ, ಇಲ್ಲದ ಕಡೆ ನಿಲ್ಲಿಸಿ. ಎರಡೂ ಕಡೆ ಇಲ್ಲವಾದರೆ ನಾಲ್ಕು ವರ್ಷ ನಡೆದ ಬಾಯಿಮಾತಿನ ವ್ಯಾಪಾರವೇ ನಿಮ್ಮ ಅತ್ಯುತ್ತಮ ಮಾಧ್ಯಮ ಎಂದು ಒಪ್ಪಿಕೊಳ್ಳಲು ಸಂಕೋಚ ಬೇಡ. ಏಜೆನ್ಸಿಯವರು ಮತ್ತೆ ಫೋನ್ ಮಾಡಿದರೆ ಹೀಗೆ ಹೇಳಿ: ‘ಜಾಹೀರಾತು ನಿಲ್ಲಿಸಿದ ವಾರದ ಲೆಕ್ಕವನ್ನೂ ಜೊತೆಗಿಟ್ಟು ತೋರಿಸಲು ಒಪ್ಪಿದರೆ ಮಾತಾಡೋಣ.’ ಒಪ್ಪಿದರೆ ಒಂದು ತಿಂಗಳ ಮಟ್ಟಿಗೆ ಕೊಟ್ಟು ನೋಡಬಹುದು. ಒಪ್ಪದಿದ್ದರೆ ಆ 1,500 ಡಾಲರ್ ನಿಮ್ಮ ಕೈಯಲ್ಲೇ ಇರಲಿ.